ಸರ್ಟಿಫಿಕೇಟಿನ ಕಕ್ಕಸು

"ಹಲ್ಲು ಬಿಡೇ ಮುಂಡೆ! ಹೆಣ ಕಾಯೋಳ ಥರ ನಿಂತಿದೀಯಲ್ಲ!"

ತೋಟದ ಲೆಕ್ಕ ಬರೆಯೋ ರೈಟರ್ ದಯಾನಂದ ಫೋಟೋಕ್ಕೆ ಮೊಬೈಲ್ ಹಿಡಿದು ಕೂಗಿದ. ಗಿಡ್ಡಮ್ಮ ಹಲ್ಲು ಬಿಟ್ಟಳು. ಬೆನ್ನ ಹಿಂದೆ ಹೊಸ ಕಕ್ಕಸು. ಗೋಡೆ ತುಂಬ ನೀಲಿ ಟೈಲ್ಸು, ಬಾಗಿಲಿಗೆ ಅಂಗೈಯಗಲದ ಬೀಗ. ಅತ್ತಿಗುಂಡಿ ಕಡೆಯ ಈ ತೋಟದಲ್ಲಿ ಮೂರು ತಲೆಮಾರಿನಿಂದ ಹಣ್ಣು ಕೊಯ್ದ ಹೆಂಗಸರಿಗೆ ಕಾಫಿಗಿಡದ ಮರೆಯೇ ಗತಿ. ಈಗ ನೋಡಿ, ಜರ್ಮನಿಯಲ್ಲಿ ಕಾಫಿ ಕುಡಿಯೋ ಪುಣ್ಯಾತ್ಮರಿಗೆ ಅದನ್ನು ಕೊಯ್ದೋಳು ಎಲ್ಲಿಗೆ ಹೋಗ್ತಾಳೆ ಅಂತ ತಿಳಿಯಬೇಕಂತೆ! ತಿಳಿದರೆ ಸರ್ಟಿಫಿಕೇಟು, ಸರ್ಟಿಫಿಕೇಟು ಸಿಕ್ಕರೆ ಒಳ್ಳೇ ರೇಟು. ನಾಳೆ ಅಲ್ಲಿಂದ ಬಿಳಿ ಅಮ್ಮನೊಬ್ಬಳು ಪರೀಕ್ಷೆಗೆ ಬರುತ್ತಾಳೆ.

"ಕೇಳಿದ್ರೆ ಏನಂತೀಯ?"

"ದಿನಾ ಇಲ್ಲೇ ಹೋಗ್ತೀವಿ. ಅಯ್ಯಾ, ಒಂದೇ ಒಂದ್ಸಲ ಬೀಗ ತೆಗೀರಿ. ಉರಿ ತಡೆಯಕ್ಕಾಗ್ತಿಲ್ಲ."

"ಥೂ! ಪೇಟೆಯಿಂದ ತಂದ ಕಮೋಡು ಕಣೇ. ನೀನು ಕೂತು ಹೊಲಸು ಮಾಡಕ್ಕಾ?"

ತೋಟಕ್ಕೆ ಆನೆ ನುಗ್ಗಿದಾಗಿನಿಂದ ಗಿಡದ ಮರೆಗೆ ಹೋಗೋಕೂ ಜೀವಭಯ. ಬೆಳಗಿಂದ ಸಂಜೆವರೆಗೆ ಗಿಡ್ಡಮ್ಮ ಗುಟುಕು ನೀರು ಮುಟ್ಟಳು. ಉರಿಮೂತ್ರ ಅಂಟಿಕೊಂಡಿತ್ತು. ಚೆನ್ನಾಗಿ ನೀರು ಕುಡಿ ಅಂದಿದ್ದರು ಡಾಕ್ಟರು. ಕುಡಿದು ಎಲ್ಲಿಗೆ ಹೋಗೋದು?

ಸಂಜೆ ಕೂಲಿಯವರ ಲೈನ್ ಮನೆಯಲ್ಲಿ ಗಂಡ ಗುರುವಯ್ಯ ಬಾಯಿಬಿಟ್ಟ. ಕಕ್ಕಸಿನ ಗೋಡೆ ಕಟ್ಟಿದವನೇ ಅವನು.

"ಅದಕ್ಕೆ ಗುಂಡೀನೇ ಇಲ್ಲ ಕಣೆ. ತೋಡ್ಲಾ ಅಂದೆ. ನೋಡಕ್ ಬರೋರು ಗುಂಡಿ ಇಣುಕ್ತಾರೇನಲೇ ಅಂದ್ರು ಧಣಿಗಳು. ಪೈಪು ಹಿಂದಿನ ಗೋಡೆ ತೂರಿ ಅಲ್ಲಿಗೇ ಮುಗೀತು. ಯಾರಿಗಾದ್ರೂ ಹೇಳೀಯ ಮಾರಾಯ್ತಿ, ಮನೆ ಖಾಲಿ ಮಾಡಿಸ್ತಾರೆ."

ಗಿಡ್ಡಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ ಎದ್ದು ಪಕ್ಕದ ಮನೆ ತಂಗಮ್ಮನನ್ನು ಕರೆದಳು.

ಕಕ್ಕಸು ಇದ್ದದ್ದು ದಿಣ್ಣೆ ಮೇಲೆ. ಅದರ ಹಿಂದೆ, ತಗ್ಗಿನಲ್ಲಿ, ಗಿರಿ ಚೆಂದ ಕಾಣುತ್ತದೆಂದು ಮರುದಿನ ಧಣಿ ಮಲ್ಲಿಕಾರ್ಜುನಪ್ಪ ಮೇಜು ಹಾಕಿಸಿ, ಬಿಳಿ ಪಂಚೆಯುಟ್ಟು ಬಿಳಿ ಅಮ್ಮನಿಗಾಗಿ ಕಾಫಿ ಇಟ್ಟುಕೊಂಡು ಕಾದಿದ್ದ. ತಲೆಯ ಮೇಲೆ ಚಾಚಿದ ಪೈಪಿನ ತುದಿ ಕಾಣದಿರಲೆಂದು ಅದಕ್ಕೆ ಸೇವಂತಿಗೆ ಹಾರ ಸುತ್ತಿಸಿದ್ದ.

ಮೇಲೆ ಕಕ್ಕಸಿನ ಬೀಗ ತೆಗೆದಿತ್ತು. ಬಿಳಿ ಅಮ್ಮ ಏನೋ ಕೇಳಿದಳು. ಜೊತೆಗೆ ದುಭಾಷಿಯಾಗಿ ಬಂದಿದ್ದ ರಂಜಿತಾ ಕನ್ನಡದಲ್ಲಿ ಹೇಳಿದಳು: "ಅಕ್ಕಾ, ಇದನ್ನ ನೀವು ಬಳಸ್ತೀರಾ?"

"ಬಾಯಲ್ಲಿ ಯಾಕವ್ವಾ ಹೇಳೋದು," ಅಂದವಳೇ ಗಿಡ್ಡಮ್ಮ ಒಳಗೆ ಹೋಗಿ ಚಿಲಕ ಹಾಕಿಕೊಂಡಳು.

ದಯಾನಂದ ಬಾಗಿಲು ಬಡಿದ. "ಬಾರೇ ಈಚೆ! ಗಿಡ್ಡಿ!"

"ತಡೀರಿ ಅಯ್ಯಾ, ದಿನಾ ಇಲ್ಲೇ ಹೋಗ್ತೀವಲ್ಲ!"

ಅಬ್ಬಾ, ಎಂಥಾ ಸುಖ! ಎಷ್ಟು ವರ್ಷದ್ದೋ ಏನೋ. ಮುಗಿಸಿ, ಒಂದು ಬಕೆಟ್ ನೀರು ಪೂರ್ತಿ ಸುರಿದಳು. ಹಿಂದುಗಡೆ ಕುರ್ಚಿ ಬಿತ್ತು, ಕಪ್ಪು ಒಡೆಯಿತು. ಅವಳು ಹೊರಗೆ ಬರುವಷ್ಟರಲ್ಲಿ ಮಲ್ಲಿಕಾರ್ಜುನಪ್ಪ ತಲೆಯಿಂದ ಪಂಚೆವರೆಗೆ ತೊಯ್ದು, ಹೆಗಲ ಮೇಲೆ ಸೇವಂತಿಗೆ ಹಾರ ಹೊತ್ತು ದಿಣ್ಣೆ ಹತ್ತುತ್ತಿದ್ದ.

"ಬೋಳಿಮಗಳೇ! ಇವತ್ತೇ ಮನೆ ಖಾಲಿ ಮಾಡು!"

ಬಿಳಿ ಅಮ್ಮ ರಂಜಿತಾಳ ಮುಖ ನೋಡಿದಳು.

ಗಿಡ್ಡಮ್ಮ ಖಾಲಿ ಬಕೆಟ್ಟನ್ನು ತಂಗಮ್ಮನ ಕೈಗೆ ಕೊಟ್ಟಳು. ಅವಳ ಹಿಂದೆ ಹನ್ನೊಂದು ಹೆಂಗಸರು ಸಾಲಾಗಿ ನಿಂತಿದ್ದರು.

"ಬೇಗ ಮುಗ್ಸೇ ತಂಗಮ್ಮ," ಹಿಂದಿನಿಂದ ಯಾರೋ ಕೂಗಿದರು, "ನಾವೂ ನೀರು ಕುಡ್ಕೊಂಡೇ ಬಂದಿದೀವಿ!"