ಮೇಲಿನ ಹಲಗೆಯ ಚಳಿ

ನಮ್ಮ ಸರೋವರದ ಸುತ್ತಲಿನ ಸೌನಾಗಳಲ್ಲಿ, ಅಂದರೆ ಹಬೆಸ್ನಾನದ ಮನೆಗಳಲ್ಲಿ, ನಮ್ಮದರಷ್ಟು ಬಿಸಿಯಾದದ್ದು ಇನ್ನೊಂದಿಲ್ಲ. ಅದರ ಹೊಗೆಗೂಡಿನ ಮೇಲೆ ಹಾರಿದ ಬಾತುಕೋಳಿ ಆಚೆ ದಡಕ್ಕೆ ಹುರಿದೇ ಬೀಳುತ್ತದೆ. ಅಂಥ ಸೌನಾದಲ್ಲಿ ಬಿಸಿ ಅತಿ ಹೆಚ್ಚಿರುವ ಮೇಲಿನ ಹಲಗೆಯಿಂದ ನಾನು ಎಂದೂ ಉಳಿದವರಿಗಿಂತ ಮೊದಲು ಇಳಿದವನಲ್ಲ. ನನ್ನ ಇನ್ನೊಂದು ವಿದ್ಯೆ ಹೊರಗಿನ ಹಿಮದ್ದು. ಉಚ್ಚೆಯ ಒಂದೇ ಧಾರೆಯಲ್ಲಿ ‘ಓಯಿವಾ ಕರ್ಪಿನೆನ್’ ಎಂದು ನನ್ನ ಪೂರ್ತಿ ಹೆಸರು ಬರೆದು, ಕೊನೆಗೊಂದು ಹೂವನ್ನೂ ಬಿಡಿಸುತ್ತಿದ್ದೆ.

ಆ ಕ್ರಿಸ್‌ಮಸ್ ವಾರ ಹೂವಿರಲಿ, ಚುಕ್ಕೆಯೂ ಕಷ್ಟವಾಯಿತು. ಗಳಿಗೆಗೊಮ್ಮೆ ಹೊರಗೋಡುತ್ತಿದ್ದೆ, ನಿಂತು ನಿಂತು ಮರವಾದ ಮೇಲೆ ನಾಲ್ಕು ಹನಿ, ಅದೂ ಕೆಂಡದಂತೆ. ಕೂತರೆ ಅಡಿಯಲ್ಲಿ ಪೈನ್ ಕಾಯಿ ಇಟ್ಟ ಹಾಗೆ ನೋವು. ಸೊಂಟವೂ ಹಿಡಿದಿತ್ತು. ಸೌನಾ, ಸಾರಾಯಿ, ಮರದ ಡಾಂಬರು, ಈ ಮೂರಕ್ಕೆ ಬಗ್ಗದ ಕಾಯಿಲೆ ಸಾವೇ ಎಂಬುದು ನಮ್ಮವರ ಮಾತು. ಸಾರಾಯಿಗೆ ಉರಿ ಹೆಚ್ಚಿತು. ಡಾಂಬರನ್ನು ಎಲ್ಲಿಗೆ ಹಚ್ಚುವುದೋ ತಿಳಿಯಲಿಲ್ಲ. ಉಳಿದದ್ದು ಸೌನಾ.

“ಮೈ ಒಲೆ ಥರ ಕಾದಿದೆ ಕಣ್ರೀ, ಡಾಕ್ಟ್ರ ಹತ್ರ ಹೋಗಿ,” ಎಂದಳು ನನ್ನ ಹೆಂಡತಿ ಹೆಲ್ವಿ.

“ಸೌನಾಕ್ಕೆ ಮುಂಚೇನೇ ಕಾದಿದೀನಿ ಅಂದ್ರೆ ಸೌದೆ ಉಳೀತು ಬಿಡು!”

ಕ್ರಿಸ್‌ಮಸ್ ಹಿಂದಿನ ದಿನ ಮಧ್ಯಾಹ್ನಕ್ಕೇ ಕತ್ತಲು ಕವಿದು ಹಿಮವೆಲ್ಲ ನೀಲಿಗಟ್ಟಿತ್ತು. ಆವತ್ತು ಬದುಕಿದವರು ಬೇಗ ಮಿಂದು, ಉಳಿದ ಹಬೆಯನ್ನು ಸತ್ತವರಿಗೆ ಬಿಟ್ಟುಬರಬೇಕು. ನಾನೂ ಹೆಲ್ವಿಯ ತಮ್ಮ ತಾಯಿಸ್ತೋವೂ ಮೇಲಿನ ಹಲಗೆ ಹತ್ತಿದೆವು. ಒಲೆಯ ಕಾದ ಕಲ್ಲಿನ ಮೇಲೆ ಸೌಟಿನಿಂದ ನೀರೆರಚಿದೆ. ಹಬೆ ಎದ್ದಿತು, ಗೋಡೆಗಳು ಮೆಲ್ಲಗೆ ಕರಗಿದವು. ಕಾಲ ಕೆಳಗೆ ಸರೋವರ ಗಾಜಿನಂತೆ ಹರಡಿಕೊಂಡಿತು; ಅದರೊಳಗೆ ಮೀನುಗಳು ದೀಪ ಹಿಡಿದು ಸಾಗುತ್ತಿದ್ದವು. ಪಕ್ಕದಲ್ಲಿ, ಎಂದೋ ತೀರಿಕೊಂಡ ನನ್ನ ತಾತ ಸೌನಾದ ರೂಢಿಯಂತೆ ಬರ್ಚ್ ಎಲೆಯ ಕಟ್ಟಿನಿಂದ ಬೆನ್ನು ಬಡಿದುಕೊಳ್ಳುತ್ತ ಕೂತಿದ್ದ.

“ಇಷ್ಟು ಬೇಗ ಬಂದ್ಯಾ ತಾತ? ನಾವಿನ್ನೂ ಇಳಿದಿಲ್ಲ.”

“ನಿಂಗೆ ಜಾಗ ಹಿಡಿಯೋಕೆ ಬಂದೆ ಕಣೋ,” ಎಂದು ತಾತ ಪ್ರೀತಿಯಿಂದ ಸರಿದು ಕೂತ.

“ಭಾವ, ಯಾರ ಜೊತೆ ಮಾತು?” ಎಂದ ತಾಯಿಸ್ತೋ. “ಹಲ್ಲು ಯಾಕೆ ಕಟಕಟ ಅಂತಿದೆ?”

“ಚಳಿ.”

ತಾಯಿಸ್ತೋ ಸೌಟು ಕಿತ್ತುಕೊಂಡ. “ಈ ಹಲಗೆ ಮೇಲೆ ಚಳೀನಾ? ಆಗ್ಲಿಂದ ಒಂದೇ ಕುಂಡಿ ಮೇಲೆ ಕೂತಿದೀಯ. ಹಿಂದುಗಡೆ ಹಿಮದಲ್ಲಿ ಬರೀ ಚುಕ್ಕೆ ಚುಕ್ಕೆ. ಯಾವ್ದೋ ಮೊಲ ಬಂದಿತ್ತು ಅನ್ಕೊಂಡೆ, ನೀನಾ? ಉಚ್ಚೆ ಹೊಯ್ದು ಎಷ್ಟೊತ್ತಾಯ್ತು?”

“ಬೆಳಿಗ್ಗೆ... ಒಂದ್ ಹನಿ.”

“ಲೋ ಭಾವ, ನಂಗೂ ಬಂದಿತ್ತು ಇದು. ಉಚ್ಚೆ ಚೀಲದ ಕೆಳಗಿರೋ ಪ್ರಾಸ್ಟೇಟ್ ಗ್ರಂಥಿ ಊದ್ಕೊಂಡಿರತ್ತೆ. ಉರಿ, ಚಳಿಜ್ವರ, ಕೂರೋಕಾಗದ ನೋವು, ಎಲ್ಲಾ ಅದೇ. ಉಚ್ಚೆ ಕಟ್ಟಿದ್ಮೇಲೆ ಕಾಯೋ ಹಾಗಿಲ್ಲ. ಇಳಿ, ಆಸ್ಪತ್ರೆಗೆ ಹೋಗೋಣ.”

“ನಿನಗಿಂತ ಮೊದ್ಲು ನಾನು ಇಳಿಯೋದಾ? ಸತ್ರೂ ಇಲ್ಲ.”

ತಾತ ಮೆಚ್ಚಿ ತಲೆಯಾಡಿಸಿದ. ತಾಯಿಸ್ತೋ ನನ್ನನ್ನೇ ನೋಡಿದ. ಆಮೇಲೆ ದಡಕ್ಕನೆ ಕೆಳಗೆ ಹಾರಿ, “ತಗೋ, ಸೋತೆ. ಊರಿಗೆಲ್ಲ ಹೇಳ್ಕೋ. ಈಗ ಬಾರೋ, ಮಾರಾಯ,” ಎಂದು ಕೈ ಚಾಚಿದ.

ಗೆದ್ದ ಮೇಲೆ ಕೂತು ಮಾಡುವುದೇನು? ಇಳಿದೆ. ನನ್ನ ಜಾಗಕ್ಕೂ ತಾತ ಕಾಲು ಚಾಚಿಕೊಂಡ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿದರು. ಬಕೆಟ್ ಮೇಲೆ ಬಕೆಟ್ ತುಂಬಿ, ನರ್ಸ್ ಪಕ್ಕದ ಊರಿಗೆ ಬಕೆಟ್ ತರಲು ಓಡಿದಳು. ಇನ್ನೂ ತಡಮಾಡಿದ್ದರೆ ನಂಜು ರಕ್ತಕ್ಕೇರುತ್ತಿತ್ತು ಎಂದು ವೈದ್ಯೆ ಬೈದು, ವಾರಗಟ್ಟಲೆ ಮಾತ್ರೆ ನುಂಗಿಸಿದಳು.

ವಸಂತದಲ್ಲಿ, ಸೌನಾದ ಹಿಂದೆ ಉಳಿದಿದ್ದ ಕೊನೆಯ ಹಿಮದ ಮುಂದೆ ನಿಂತೆ. ತಾಯಿಸ್ತೋ ಬಗ್ಗಿ ನೋಡಿದ.

“ಬರೀ ‘ಓ’ ಇದೆಯಲ್ಲೋ ಭಾವ!”

“ಉಳಿದದ್ದು ಬಿಸಿಲಿಗೆ ಕರಗಿಹೋಯ್ತು ಕಣೋ,” ಎಂದೆ. “ಹೂವು ಇನ್ನೂ ಚೆನ್ನಾಗಿ ಬಂದಿತ್ತು.”