ಅಮ್ಮನ ಕತೆಯ ಕುರುಡಿ

ಸ್ಫೂರ್ತಿ ಮೇಜಿನ ಮೇಲಿದ್ದ ಪತ್ರಿಕೆಗಳನ್ನೆಲ್ಲ ಬಾಚಿ ತನ್ನ ಚೀಲಕ್ಕೆ ತುರುಕತೊಡಗಿದಳು. ಜಪಾನಿನ ಕಾವಾಸಾಕಿಯ ಚಿತಾಗಾರದಲ್ಲಿ ಬಂಧುಗಳು ಕಾಯುವ ಕೋಣೆ ಅದು. ಒಳಗೆ ಅವಳ ಅಮ್ಮ ವಿಶಾಲಾಕ್ಷಿಯ ದೇಹ ಸುಡುತ್ತಿತ್ತು. ಇನ್ನೂ ಮುಕ್ಕಾಲು ಗಂಟೆ ಎಂದಿದ್ದರು.

“ಇರ್ಲಿ ಬಿಡಮ್ಮಾ,” ಎಂದರು ಕನ್ನಡ ಸಂಘದ ಜಯಪ್ರಕಾಶ. “ನಮ್ಮ ಪತ್ರಿಕೇಲಿ ನಿಮ್ಮಮ್ಮ ಬರೆದಿದ್ದು ಅದೊಂದೇ ಕತೆ. ಎಲ್ರಿಗೂ ಒಂದೊಂದು ಕಾಪಿ ಕೊಡೋಣ ಅಂತ ತಂದೆ.”

“ಪಕ್ಕದ ಮನೆ ಹತಾನಾಕಾ ಸಾನ್ ಬರ್ತಾರೆ, ಅಂಕಲ್.”

“ಬರ್ಲಿ. ಅವ್ರಿಗೆ ಕನ್ನಡ ಓದಕ್ಕೆ ಬರುತ್ತಾ?”

“ಅವ್ರ ಫೋನಿಗೆ ಬರುತ್ತಲ್ಲ!”

ಜಯಪ್ರಕಾಶರಿಗೆ ಇದು ಹೊಳೆದೇ ಇರಲಿಲ್ಲ. ಅವರೂ ಎರಡು ಪ್ರತಿ ಎತ್ತಿ ಕೋಟಿನೊಳಗೆ ಬಚ್ಚಿಟ್ಟುಕೊಂಡರು. ಅಷ್ಟರಲ್ಲಿ ಹತಾನಾಕಾ ಸಾನ್ ಒಳಬಂದು ಬಗ್ಗಿ ವಂದಿಸಿದರು. ಸ್ಫೂರ್ತಿ ಚೀಲದ ಜಿಪ್ ಎಳೆದಳು.

*

ಅಪ್ಪ ತೀರಿಕೊಂಡ ಮೇಲೆ ಅಮ್ಮ ಪ್ರತಿ ಗುರುವಾರ ದೀಪ ಹಚ್ಚಿ, ಅಕ್ಷರ ಬರೆದ ಹಲಗೆಯ ಮೇಲೆ ನಾಣ್ಯವಿಟ್ಟು ಬೆರಳು ತಾಗಿಸಿ ಕೂರುತ್ತಿದ್ದಳು. ನಾಣ್ಯ ಸರಿದರೆ ಅಪ್ಪ ಮಾತಾಡಿದರು ಎಂದರ್ಥ. ಹೆಚ್ಚಾಗಿ ಅಪ್ಪ ಬಿಪಿ ಮಾತ್ರೆಯ ವಿಚಾರವನ್ನೇ ಕೇಳುತ್ತಿದ್ದರು.

ಮೂಲಂಗಿ ಉಪ್ಪಿನಕಾಯಿ ಕೊಡಲು ಬಂದ ಹತಾನಾಕಾ ಸಾನ್ ಒಮ್ಮೆ ಇದನ್ನು ಕಂಡು, ತಮ್ಮ ತಾಯಿಯ ವಿಷಯ ಹೇಳಿದರು. ಉತ್ತರದ ಚಳಿಯೂರಿನಲ್ಲಿ ಕಣ್ಣಿಲ್ಲದ ಆ ತಾಯಿ ಜಪಮಾಲೆ ಉಜ್ಜುತ್ತ ಸತ್ತವರನ್ನು ಕರೆದು ಅವರ ಮಾತು ನುಡಿಯುತ್ತಿದ್ದಳಂತೆ. ಅಮ್ಮ ಎರಡು ಸಲ ಕಾಫಿ ಮಾಡಿಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ ಕತೆ ಬರೆದಳು. ಕತೆಯ ಕುರುಡಿ ಮೋಸಗಾತಿ. ದುಃಖದಲ್ಲಿ ಬಂದವರ ಕೈ ತಡವಿ, ಮನೆಯ ಗುಟ್ಟು ಊಹಿಸಿ, ಅದನ್ನೇ ಸತ್ತವರ ದನಿಯಲ್ಲಿ ಒಪ್ಪಿಸುವವಳು.

“ಅಮ್ಮಾ, ನೀನು ಅಪ್ಪನ್ನ ಕರೀತೀಯಲ್ಲ, ಅದೇನು?” ಎಂದಿದ್ದಳು ಸ್ಫೂರ್ತಿ.

“ಅದು ಬೇರೆ ಕಣೇ. ನಮ್ದು ಧ್ಯಾನ. ಅವ್ರದ್ದು ಮಾಟ.”

ಆಸ್ಪತ್ರೆ ಸೇರಿದ ಮೇಲೆ ಮಾತ್ರ ಅಮ್ಮನಿಗೆ ನೆಮ್ಮದಿಯೇ ಇರಲಿಲ್ಲ. “ಹತಾನಾಕಾ ಸಾನ್ ಹತ್ರ ಸಾರಿ ಕೇಳ್ಬೇಕಿತ್ತು. ನೀನಾದ್ರೂ ಕೇಳ್ಬಿಡೇ,” ಎಂದು ಮೂರು ದಿನ ಹೇಳಿದ್ದನ್ನೇ ಹೇಳಿದಳು. ನಾಲ್ಕನೆಯ ದಿನ ಅಮ್ಮ ಇರಲಿಲ್ಲ.

*

ಒಳಗಿನಿಂದ ಕರೆ ಬಂತು. ತಟ್ಟೆಯ ಮೇಲೆ ಅಮ್ಮ ಬರೀ ಬಿಳಿ ಮೂಳೆಯಾಗಿದ್ದಳು. ಸಿಬ್ಬಂದಿ ಉದ್ದನೆಯ ಊಟದ ಕಡ್ಡಿಗಳಂಥವನ್ನು ಕೊಟ್ಟು, ಇಲ್ಲಿನ ಪದ್ಧತಿಯಂತೆ ಒಂದೊಂದು ಮೂಳೆಯನ್ನೂ ಇಬ್ಬರು ಸೇರಿ ಎತ್ತಿ ಕುಡಿಕೆಗೆ ಹಾಕಬೇಕು, ಮೊದಲು ಪಾದದ್ದು ಎಂದ.

“ಅಂಕಲ್?”

“ನನ್ ಕೈಲಿ ಆಗಲ್ಲಮ್ಮಾ,” ಎಂದು ಜಯಪ್ರಕಾಶ ಹಿಂದೆ ಸರಿದರು.

ಇನ್ನೊಂದು ಜೊತೆ ಕಡ್ಡಿ ಹಿಡಿದು ಪಕ್ಕಕ್ಕೆ ಬಂದವರು ಹತಾನಾಕಾ ಸಾನ್. ಸ್ಫೂರ್ತಿಗೆ ಇನ್ನು ತಡೆಯಲಾಗಲಿಲ್ಲ.

“ಸುಮಿಮಾಸೆನ್,” ಎಂದು ಕ್ಷಮೆ ಕೇಳುತ್ತ ಜಪಾನಿಯಲ್ಲೇ ಶುರುಮಾಡಿದಳು. “ಅಮ್ಮ ಒಂದು ಕತೆ ಬರೆದಿದ್ದಳು. ನಿಮ್ಮ ತಾಯಿಯನ್ನು ಅದರಲ್ಲಿ...”

“ಗೊತ್ತು. ಪತ್ರಿಕೆ ನಿಮ್ಮ ಮನೆಯಲ್ಲೇ ಇತ್ತಲ್ಲ. ಫೋನು ಓದಿ ಹೇಳಿತು. ಬಹಳ ಕೋಪ ಬಂತು. ನಿಮ್ಮಮ್ಮ ಎದುರಾಗದಿರಲೆಂದು ಒಂದು ತಿಂಗಳು ಲಿಫ್ಟ್ ಬಿಟ್ಟು ಮೆಟ್ಟಿಲು ಹತ್ತಿದೆ.”

ಸ್ಫೂರ್ತಿಯ ಕಡ್ಡಿಗಳು ಒಂದಕ್ಕೊಂದು ತಾಗಿ ಟಕಟಕ ಎಂದವು. ಹಿಡಿಯಹೋದ ಮೂಳೆ ಜಾರಿತು.

“ನನ್ನ ತಾಯಿ ಕೈ ಹಿಡಿಯುತ್ತಿದ್ದುದು ನಿಜ,” ಎಂದರು ಹತಾನಾಕಾ ಸಾನ್. “ಬಂದವರ ಅಳು ನಿಲ್ಲುವವರೆಗೂ ಬಿಡುತ್ತಿರಲಿಲ್ಲ. ಅದನ್ನು ನಿಮ್ಮಮ್ಮ ಬರೆಯಲಿಲ್ಲ.”

ಅವರು ಕಣ್ಣು ಮುಚ್ಚಿ, ಎಡಗೈಯಿಂದ ಸ್ಫೂರ್ತಿಯ ಮಣಿಕಟ್ಟು ಹಿಡಿದುಕೊಂಡರು. ಸಿಬ್ಬಂದಿ ಗಡಿಯಾರ ನೋಡಿದ. ನಡುಕ ನಿಲ್ಲುವವರೆಗೂ ಅವರು ಬಿಡಲಿಲ್ಲ. ಆಮೇಲೆ ಎರಡು ಜೊತೆ ಕಡ್ಡಿಗಳ ನಡುವೆ ಅಮ್ಮನ ಪಾದ ನಿಧಾನವಾಗಿ ಮೇಲೆದ್ದಿತು.