ಅವ್ವ ಕಟ್ಟಿದ ಉಡದಾರ

ನನ್ನ ತಮ್ಮ ಶರಣಕುಮಾರನಿಗೆ ಬದುಕಲು ನೆಲ ಸಾಲಲಿಲ್ಲ. ಹೆಂಡತಿ ವರ್ಷಾ, ಮೂರು ವರ್ಷದ ಮಗ ಗಗನ, ಇಬ್ಬರನ್ನೂ ಕರಕೊಂಡು ಹೋಗಿ ಕಾರವಾರದ ಕಡೆ ಹಾಯಿದೋಣಿಯ ಮೇಲೆ ಸಂಸಾರ ಹೂಡಿದ್ದಾನೆ. ಅಡಿಗೆ ಅಲ್ಲೇ, ನಿದ್ದೆ ಅಲ್ಲೇ. ನಮ್ಮ ವಂಶದಲ್ಲಿ ಕೆರೆಗೆ ಇಳಿದವರೂ ಇಲ್ಲ, ಇವನಿಗೆ ಸಮುದ್ರ ಬೇಕು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ದೀಪಾವಳಿಗೆ ಮೂವರೂ ಮಿಯಾಪುರದ ನಮ್ಮ ಮನೆಗೆ ಬಂದರು. ಒಂಬತ್ತನೇ ಮಹಡಿ. ಮಗುವಿನ ಎದೆಗೆ ಒಂದು ಪಟ್ಟಿ, ಪಟ್ಟಿಗೆ ಹಗ್ಗ, ಹಗ್ಗದ ತುದಿಗೆ ಕೊಂಡಿ. ದೋಣಿಯ ಕೋಣೆಯಿಂದ ಹೊರಗೆ ಬರುವ ಮೊದಲು ಕೊಂಡಿಯನ್ನು ಅಲ್ಲಿನ ಕಂಬಿಗೆ ಸಿಕ್ಕಿಸಬೇಕಂತೆ, ಮಗು ಅದನ್ನು ಎರಡು ಸಲ ಜಗ್ಗಿ ನೋಡಬೇಕಂತೆ. ಗಟ್ಟಿಯಿದ್ದರೆ ಅಂಚಿನವರೆಗೂ ಹೋಗಬಹುದು. ಇದು ಅವರು ಕಲಿಸಿದ ಸಂಸ್ಕಾರ! ಇಲ್ಲಿಯೂ ಪೋರ ಬಾಲ್ಕನಿಯ ಬಾಗಿಲಲ್ಲಿ ನಿಂತು ಹಗ್ಗ ಬೇಡುತ್ತಿದ್ದ. ಕಟ್ಟದಿದ್ದರೆ ಹೊಸ್ತಿಲು ದಾಟುತ್ತಿರಲಿಲ್ಲ.

ಕರುವಿಗೆ ಕಟ್ಟಿದಂತೆ ಕೂಸಿಗೆ ಹಗ್ಗ ಕಟ್ಟಿದ್ದನ್ನು ನೋಡಿ ನಮ್ಮವ್ವ ಗುರುಬಾಯಿಗೆ ಮೈಯೆಲ್ಲ ಉರಿಯಿತು. ಮೊಮ್ಮಗನನ್ನು ಇಲ್ಲೇ ಉಳಿಸಿಕೊಳ್ಳಬೇಕೆಂದು ಅವಳು ಹಟ ಹಿಡಿದಿದ್ದಳು. ಪಕ್ಕದ ಬೀದಿಯ ಶಾಲೆಯಲ್ಲಿ ಸೀಟಿಗೂ ಹೇಳಿಟ್ಟಿದ್ದಳು. ವರ್ಷಾ ಒಪ್ಪಲಿಲ್ಲ. ಪಟ್ಟಿ ಇರುವತನಕ ಹೆದರಿಕೆಯಿಲ್ಲ, ಪಟ್ಟಿ ಇಲ್ಲದೆ ತಾನೂ ಅವನನ್ನು ದೋಣಿ ಹತ್ತಿಸುವುದಿಲ್ಲ ಎಂದಳು. ಜಾಣೆ! ಹೊರಡುವ ದಿನ ಬೆಳಿಗ್ಗೆ ಪಟ್ಟಿ ಮಾಯವಾಗಿತ್ತು.

ಅವ್ವನಿಗೆ ಕಳ್ಳತನವೂ ನೆಟ್ಟಗೆ ಬರುವುದಿಲ್ಲ. ಜೋಳದ ಹಿಟ್ಟಿನ ಡಬ್ಬಿಯ ಸುತ್ತ ಹಿಟ್ಟು ಚೆಲ್ಲಿತ್ತು, ಸೆರಗಿಗೂ ಮೆತ್ತಿತ್ತು. ಗಂಡ ಹೆಂಡತಿ ಒಳಕೋಣೆಯಲ್ಲಿ ಮಂಚದಡಿ ತೆವಳುತ್ತಿದ್ದರು. ಸಮುದ್ರ ದಾಟುವ ಶೂರರು ಹುಡುಕಲಿ ಎಂದು ನಾನು ಸುಮ್ಮನಿದ್ದೆ.

ಅಷ್ಟರಲ್ಲಿ ಅವ್ವ ಮಗುವಿಗೆ ಎರೆದು ಹೊಸ ಉಡದಾರ ತಂದಳು. ಗಂಡುಕೂಸಿನ ನಡ ಬರಿದಾಗಿದೆಯೆಂದು ಬಂದ ದಿನದಿಂದ ಗೊಣಗುತ್ತಿದ್ದಳು. ಕರಿದಾರ ಸುತ್ತಿ, ದೇವರ ಹೆಸರು ಹೇಳಿ, ಗಂಟು ಬಿಗಿದು, ಅಂಗಿ ಚಡ್ಡಿ ಹಾಕಿದಳು.

"ಈಗ ಗಟ್ಟಿ ಕಟ್ಟೀನಿ ನೋಡಪಾ. ಇನ್ನ ನಿನಗ ಏನೂ ಆಗಂಗಿಲ್ಲ."

ಗಗನ ತಲೆ ಬಗ್ಗಿಸಿ, ಅಂಗಿ ಎತ್ತಿ, ದಾರಕ್ಕೆ ಬೆರಳು ಸಿಕ್ಕಿಸಿ ಎರಡು ಸಲ ಜಗ್ಗಿದ. ಆಮೇಲೆ ತಾನಾಗಿಯೇ ಬಾಲ್ಕನಿಯ ಹೊಸ್ತಿಲು ದಾಟಿದ. ಅವ್ವನ ಮುಖ ಹಿಗ್ಗಿತು. ಹಗ್ಗದ ಗೀಳು ಬಿಡಿಸಿದೆನೆಂದು ನನ್ನ ಕಡೆ ತಿರುಗಿ ಕೊಚ್ಚಿಕೊಳ್ಳತೊಡಗಿದಳು. ಒಂದು ದಾರದಲ್ಲಿ ಮಗ ಸೊಸೆ ಇಬ್ಬರನ್ನೂ ಸೋಲಿಸಿದ ಗರ್ವ ಅದು.

ಅವಳ ಭುಜದಾಚೆ ನಾನು ನೋಡಿದೆ. ಪೋರ ತುಳಸಿಗೆ ನೀರು ಹಾಕುವ ಸ್ಟೂಲು ಹತ್ತಿ ಒಂದು ಕಾಲನ್ನು ಕಂಬಿಯ ಆಚೆ ಹಾಕಿದ್ದ. ಎರಡೂ ಕೈ ಬಿಟ್ಟು ಕೆಳಗೆ ಬಗ್ಗಿದ್ದ. ನಾನು ಬೆರಳು ತೋರಿಸಿದೆ. ಅವ್ವ ತಿರುಗಿ ಓಡಿ ಎರಡು ಕೈಯಿಂದ ಬಾಚಿದಳು. ಒಂದು ಕೈಗೆ ಉಡದಾರ ಸಿಕ್ಕಿ ಪಟ್ಟನೆ ಹರಿಯಿತು. ಇನ್ನೊಂದು ಕೈಗೆ ಅಂಗಿ ಸಿಕ್ಕಿತ್ತು.

ಒಳಗೆಳೆದ ಮೇಲೂ ಗಗನ ಅಳಲಿಲ್ಲ. ಅವಳ ಮುಷ್ಟಿಯಲ್ಲಿದ್ದ ಹರಿದ ದಾರ ನೋಡಿದ.

"ಆಯಿ, ನೀ ಗಟ್ಟಿ ಕಟ್ಟಿದ್ದಿ ಅಲ್ಲ?"

ಸದ್ದಿಗೆ ತಮ್ಮನೂ ವರ್ಷಾಳೂ ಹೊರಗೆ ಓಡಿಬಂದರು. ಅವ್ವ ಮಗುವನ್ನು ಸೊಸೆಯ ಕೈಗೆ ಕೊಟ್ಟು ಅಡಿಗೆಮನೆಗೆ ಹೋದಳು. ಡಬ್ಬಿ ಉರುಳಿದ ಸಪ್ಪಳ ಕೇಳಿಸಿತು. ಮೊಣಕೈತನಕ ಹಿಟ್ಟು ಮೆತ್ತಿಕೊಂಡು, ಆ ಪಟ್ಟಿಯನ್ನು ಎಲ್ಲರೆದುರಿಗೆ ಹಿಡಿದುಕೊಂಡು ಬಂದಳು.

"ಇದನ್ನ ಹೆಂಗ ಹಾಕ್ತಾರ, ತೋರಸವಾ," ಎಂದು ಸೊಸೆಯನ್ನು ಕೇಳಿದಳು.

ವರ್ಷಾ ತೋರಿಸಿದಳು. ಅವ್ವ ಪಟ್ಟಿ ಬಿಗಿದು, ಹಗ್ಗವನ್ನು ತಾನೇ ಎರಡು ಸಲ ಜಗ್ಗಿ ನೋಡಿದಳು. ಆಮೇಲೆ ಇನ್ನೊಮ್ಮೆ ಜಗ್ಗಿದಳು.